ಕೇಳದಿರುವ ಮರ್ಯಾದೆ

ಅರಿಸ್ಟಾಟಲ್ ತನ್ನ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಎರಡು ಇಡೀ ಪುಸ್ತಕಗಳನ್ನು ಸ್ನೇಹಕ್ಕೆ ಮೀಸಲಿಟ್ಟಿದ್ದಾನೆ. ನಮ್ಮ ತರಗತಿಗಳಲ್ಲಿ ಅದರಿಂದ ಸಾಮಾನ್ಯವಾಗಿ ಹೊರಬರುವುದು ಒಂದು ಪಟ್ಟಿ ಮಾತ್ರ: ಪ್ರಯೋಜನದ ಸ್ನೇಹ, ಸುಖದ ಸ್ನೇಹ, ಸದ್ಗುಣದ ಸ್ನೇಹ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಎಂಟನೇ ಪುಸ್ತಕದ ನಡುವೆ ಇನ್ನೊಂದು ಸಣ್ಣ ಮಾತಿದೆ. ಒಂದೇ ಹಡಗಿನಲ್ಲಿ ಪಯಣಿಸುವವರನ್ನೂ ಒಂದೇ ಪಡೆಯಲ್ಲಿ ಹೋರಾಡುವವರನ್ನೂ ಜನ ಗೆಳೆಯರೆಂದೇ ಕರೆಯುತ್ತಾರೆ. ಅವರ ಒಡನಾಟ ಎಲ್ಲಿಯವರೆಗೋ ಅವರ ಗೆಳೆತನವೂ ಅಲ್ಲಿಯವರೆಗೆ, ಅವರ ನಡುವಿನ ನ್ಯಾಯವೂ ಅಲ್ಲಿಯವರೆಗೆ ಎನ್ನುತ್ತಾನೆ. ಪ್ರಯಾಣಿಕರು ಮತ್ತು ಸೈನಿಕರು. ಈ ಎರಡನ್ನು ಅವನು ಒಟ್ಟಿಗೆ ಯಾಕೆ ಹೆಸರಿಸಿದ ಎಂಬುದರ ಮೇಲೆ ನನ್ನ ಪಿಎಚ್.ಡಿ.ಯ ಒಂದು ಅಧ್ಯಾಯ ನಿಂತಿದೆ. ಆ ಪ್ರಶ್ನೆ ನನಗೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಹಾಸನ ಜಿಲ್ಲೆಯ ಎಂಟು ಮಂದಿ ಮಾಜಿ ಸೈನಿಕರು ಮತ್ತು ಅವರ ಮೋಟಾರ್ ಸೈಕಲ್‌ಗಳಿಂದ.

ಅವರಲ್ಲೊಬ್ಬರು ನನ್ನ ಸೋದರಮಾವ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರ್ ಆಗಿ ನಿವೃತ್ತರಾದವರು. ಅವರ ಕೆಲಸ ಬಹುಪಾಲು ಡಿ.ಆರ್., ಅಂದರೆ ಡಿಸ್ಪ್ಯಾಚ್ ರೈಡರ್: ತಂತಿಗೂ ರೇಡಿಯೊಗೂ ಒಪ್ಪಿಸಲಾಗದ ಕಾಗದಗಳನ್ನು ಮೋಟಾರ್ ಸೈಕಲ್ ಮೇಲೆ ಒಂದು ಠಾಣ್ಯದಿಂದ ಇನ್ನೊಂದಕ್ಕೆ ಮುಟ್ಟಿಸುವವನು. 1999ರ ಬೇಸಿಗೆಯಲ್ಲಿ ಅವರು ದ್ರಾಸ್ ಕಡೆಯ ರಸ್ತೆಯಲ್ಲಿದ್ದರು. ಆ ರಸ್ತೆ ಮೇಲಿನ ಶಿಖರಗಳಲ್ಲಿ ಕೂತವರ ಕಣ್ಣಿಗೆ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗಾಗಿ ವಾಹನಗಳು ರಾತ್ರಿ, ದೀಪ ಆರಿಸಿಕೊಂಡು ಸಾಗಬೇಕಿತ್ತು. ಸೈನ್ಯದ ಲಾರಿಗಳ ಹಿಂದಿನ ಚಕ್ರಗಳ ನಡುವೆ ಉಬ್ಬಿರುವ ಉಂಡೆಗೆ ಬಿಳಿ ಬಣ್ಣ ಬಳಿದು, ಅದರ ಮೇಲಷ್ಟೇ ಬೀಳುವಂತೆ ಒಂದು ಪುಟ್ಟ ಬಲ್ಬು ಹಾಕಿರುತ್ತಾರೆ. ಆ ಬಿಳಿ ಚುಕ್ಕೆಯನ್ನೇ ನೋಡಿಕೊಂಡು ಹಿಂದಿನವನು ಬರಬೇಕು. ಚುಕ್ಕೆ ಎಡಕ್ಕೆ ಹೋದರೆ ಎಡಕ್ಕೆ, ಮಾಯವಾದರೆ ನಿಲ್ಲಬೇಕು.

ಇದನ್ನೆಲ್ಲ ಮಾವ ಮನೆಯಲ್ಲಿ ಹೇಳಿದವರಲ್ಲ. ಬೇಲೂರಿನ ದಾರಿಯ ಒಂದು ಚಹಾದಂಗಡಿಯಲ್ಲಿ ಅವರ ಜೊತೆಗಾರರ ನಡುವೆ ಮಾತು ಬಂದಾಗ ಬೆಂಚಿನ ತುದಿಯಲ್ಲಿ ಕೂತಿದ್ದ ನನ್ನ ಕಿವಿಗೆ ಬಿದ್ದದ್ದು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ. “ಹೂಂ, ಅವರ ಹತ್ರ ಎಲ್ಲಾ ಹೇಳ್ತಾರೆ. ಮೂವತ್ತು ವರ್ಷ ಆಯ್ತು ಮದುವೆಯಾಗಿ, ನನ್ನ ಹತ್ರ ಹೇಳಿದ್ದು ಅಲ್ಲಿ ಚಳಿ ಜಾಸ್ತಿ ಅಂತ ಮಾತ್ರ” ಅಂದರು.

ತಿಂಗಳ ಮೊದಲ ಭಾನುವಾರ ಇವರು ಹೊರಡುತ್ತಾರೆ. ಅದಕ್ಕೆ ಹೆಸರಿಲ್ಲ, ಬ್ಯಾನರ್ ಇಲ್ಲ, ಬೆನ್ನ ಮೇಲೆ ಚಿತ್ರವಿರುವ ಚರ್ಮದ ಜಾಕೆಟ್ ಇಲ್ಲ. ಒಬ್ಬರು ಮದ್ರಾಸ್ ಎಂಜಿನಿಯರ್ ಗ್ರೂಪಿನವರು, ಇಬ್ಬರು ಎ.ಎಸ್.ಸಿ.ಯಲ್ಲಿ ಲಾರಿ ಓಡಿಸಿದವರು, ಒಬ್ಬರು ಮರಾಠಾ ಲೈಟ್ ಇನ್‌ಫೆಂಟ್ರಿಯವರು, ಹೀಗೆ. ಈಗ ಕೆಲವರು ಬ್ಯಾಂಕಿನ ಗಾರ್ಡ್, ಒಬ್ಬರು ಕಾಫಿ ತೋಟದ ರೈಟರ್, ಒಬ್ಬರಿಗೆ ಗೊಬ್ಬರದ ಅಂಗಡಿ. ಐದು ಬುಲೆಟ್, ಒಂದು ಮೈಸೂರಿನ ಯೆಜ್ಡಿ, ಎರಡು ಹೊಸ ಕಾಲದ ಗಾಡಿ. ಮಾವನ ಬುಲೆಟ್ ಹಳೆಯ ಮಾದರಿ, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸ ಗಾಡಿ ಕೊಟ್ಟರೆ ಅವರು ನಿಲ್ಲಿಸಬೇಕಾದಲ್ಲಿ ಗೇರು ಬದಲಿಸುತ್ತಾರೆ. ಕಾಲು ಕಲಿತದ್ದನ್ನು ಮರೆಯುವುದು ಕಷ್ಟ.

ನಾನು ಆಗಾಗ ಮಾವನ ಹಿಂದಿನ ಸೀಟಿನಲ್ಲಿ ಹೋಗುತ್ತೇನೆ. (ನನ್ನ ಬದುಕು ನಡೆಯುವುದು ಫೆಲೋಶಿಪ್ ಮೇಲೆ, ಅದು ಬರುವುದು ಮಾತ್ರ ಅದಕ್ಕೆ ಮನಸ್ಸು ಬಂದಾಗ. ಹಾಗಾಗಿ ಸ್ವಂತ ಗಾಡಿಯ ಮಾತಿಲ್ಲ.) ಹಿಂದಿನ ಸೀಟಿನಿಂದ ರಸ್ತೆ ಕಾಣುವುದಿಲ್ಲ, ಹೆಲ್ಮೆಟ್ ಕಾಣುತ್ತದೆ, ಪಕ್ಕದ ಕನ್ನಡಿ ಕಾಣುತ್ತದೆ. ಅವರ ಎಲ್ಲ ಶಿಸ್ತು ಇರುವುದು ಆ ಕನ್ನಡಿಯಲ್ಲಿ. ಒಬ್ಬ ರಸ್ತೆಯ ಎಡಕ್ಕೆ, ಅವನ ಹಿಂದಿನವನು ಬಲಕ್ಕೆ, ಅವನ ಹಿಂದಿನವನು ಮತ್ತೆ ಎಡಕ್ಕೆ. ಗುಂಡಿ ಬಂದರೆ ಮುಂದಿನವನು ಆ ಕಡೆಯ ಕಾಲು ಚಾಚುತ್ತಾನೆ, ಅದೇ ಸನ್ನೆ ಸಾಲಿನುದ್ದಕ್ಕೂ ಹಿಂದಕ್ಕೆ ಸಾಗುತ್ತದೆ. ನಿಯಮ ಒಂದೇ: ನಿನ್ನ ಹಿಂದಿನವನು ನಿನ್ನ ಕನ್ನಡಿಯಲ್ಲಿರಬೇಕು. ಇಲ್ಲದಿದ್ದರೆ ನಿಧಾನ ಮಾಡು, ಆಮೇಲೂ ಕಾಣದಿದ್ದರೆ ನಿಲ್ಲು. ನೀನು ನಿಂತದ್ದು ನಿನ್ನ ಮುಂದಿನವನ ಕನ್ನಡಿಗೆ ಗೊತ್ತಾಗುತ್ತದೆ, ಅವನೂ ನಿಲ್ಲುತ್ತಾನೆ. ಕೊನೆಯವನ ಚಕ್ರ ಪಂಕ್ಚರಾದರೆ ಐದು ನಿಮಿಷದಲ್ಲಿ ಮೊದಲನೆಯವನೂ ನಿಂತಿರುತ್ತಾನೆ, ಯಾರೂ ಯಾರಿಗೂ ಫೋನ್ ಮಾಡದೆ. ದ್ರಾಸಿನ ಬಿಳಿ ಚುಕ್ಕೆಯನ್ನು ಇವರು ತಲೆಕೆಳಗು ಮಾಡಿಕೊಂಡಂತಿದೆ: ಅಲ್ಲಿ ಹಿಂದಿನವನು ಮುಂದಿನವನನ್ನು ಕಾಯುತ್ತಿದ್ದ, ಇಲ್ಲಿ ಮುಂದಿನವನು ಹಿಂದಿನವನನ್ನು.

ಯುದ್ಧದಿಂದ ಬಂದವರು ಮೋಟಾರ್ ಸೈಕಲ್ ಹತ್ತುವುದು ನಮ್ಮೂರಿನ ವಿಶೇಷವೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೈನ್ಯದ ಹಾರ್ಲೆಗಳು ಅಗ್ಗಕ್ಕೆ ಸಿಕ್ಕವು, ಮನೆಯಲ್ಲಿ ಕೂರಲಾಗದ ಹುಡುಗರೂ ಬೇಕಾದಷ್ಟು ಮಂದಿ ಇದ್ದರು. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಊರಿನಲ್ಲಿ ಇಂಥವರು ಸೇರಿ ಎಬ್ಬಿಸಿದ ಗದ್ದಲ ಪತ್ರಿಕೆಗಳಲ್ಲಿ ಉಬ್ಬಿ, ಆರು ವರ್ಷದ ನಂತರ ಸಿನಿಮಾವೂ ಆಯಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 1988ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾದ ಇನ್ನೊಂದು ಸವಾರಿ. ವಿಯೆಟ್ನಾಂ ಯುದ್ಧದಲ್ಲಿ ಸೆರೆಸಿಕ್ಕವರನ್ನು, ಕಾಣೆಯಾದವರನ್ನು ಸರಕಾರ ಮರೆಯಬಾರದೆಂದು ಮಾಜಿ ಸೈನಿಕರು ಮೇ ತಿಂಗಳ ಕೊನೆಯ ಸ್ಮರಣೆಯ ದಿನಗಳಲ್ಲಿ ಪೆಂಟಗನ್ನಿನ ವಾಹನ ನಿಲ್ದಾಣದಿಂದ ಹೊರಟು, ಐವತ್ತೆಂಟು ಸಾವಿರಕ್ಕೂ ಹೆಚ್ಚು ಹೆಸರುಗಳಿರುವ ಕಪ್ಪು ಗೋಡೆಯ ಕಡೆಗೆ ಹೋದರು. ಮೊದಲ ವರ್ಷ ಸುಮಾರು 2500 ಗಾಡಿಗಳು, ಆಮೇಲಾಮೇಲೆ ಲಕ್ಷಗಟ್ಟಲೆ. ಅದೇ ಹೆಸರಿನಲ್ಲಿ 2019ರವರೆಗೆ ನಡೆಯಿತು. ಇಂಥ ಸವಾರಿಗಳಲ್ಲಿ ಸತ್ತವನ ಜಾಗವನ್ನು ಸಾಲಿನಲ್ಲಿ ಖಾಲಿ ಬಿಟ್ಟು ಸಾಗುವ ಪದ್ಧತಿಯೂ ಇದೆ.

ಆ ಸವಾರಿಗೆ ಅವರು ಇಟ್ಟ ಹೆಸರು ‘ರೋಲಿಂಗ್ ಥಂಡರ್’. ಗಾಡಿಗಳ ಸದ್ದು ಉರುಳುವ ಗುಡುಗಿನಂತೆ ಎನ್ನುವುದು ಸರಿಯೇ. ಆದರೆ ಅದು 1965ರಿಂದ 1968ರವರೆಗೆ ಉತ್ತರ ವಿಯೆಟ್ನಾಮಿನ ಮೇಲೆ ಅಮೆರಿಕ ನಡೆಸಿದ ಬಾಂಬ್ ದಾಳಿಯ ಹೆಸರೂ ಹೌದು. ತಮ್ಮವರ ನೆನಪಿಗೆ ಬೇರೆಯವರ ಮೇಲೆ ಬಿದ್ದ ಬಾಂಬಿನ ಹೆಸರು! ಇದನ್ನು ಓದಿದ ದಿನ ನನಗೆ ತುಂಬ ಹೊತ್ತು ಏನೂ ಬರೆಯಲಾಗಲಿಲ್ಲ. ಅವರ ದುಃಖ ಸುಳ್ಳೆಂದು ನಾನು ಹೇಳಲಾರೆ. ಕಾಣೆಯಾದ ಜೊತೆಗಾರನಿಗಾಗಿ ಮೂವತ್ತು ವರ್ಷ ಗಾಡಿ ಓಡಿಸುವವರ ನಿಷ್ಠೆಯಲ್ಲಿ ಕಪಟವಿರಲು ಸಾಧ್ಯವಿಲ್ಲ. ಆದರೆ ಆ ನಿಷ್ಠೆಯ ಬೆಳಕು ಎಲ್ಲಿ ಬೀಳುತ್ತದೋ ಅದರಾಚೆ ಕತ್ತಲೆಯೇ. ಅವರ ಕನ್ನಡಿಯಲ್ಲಿ ಹಿಂದಿನವನು ಕಾಣುತ್ತಾನೆ, ಕೆಳಗಿನವನು ಕಾಣುವುದಿಲ್ಲ.

ಈ ವಿಷಯದ ಬಗ್ಗೆ ನಾನು ಓದಿದವರಲ್ಲಿ ಜೆ. ಗ್ಲೆನ್ ಗ್ರೇ ಎಂಬ ಅಮೆರಿಕದ ತತ್ವಶಾಸ್ತ್ರಜ್ಞನಷ್ಟು ಹತ್ತಿರ ಬಂದವರು ಯಾರೂ ಇಲ್ಲ. 1941ರಲ್ಲಿ ಅವನಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಸಿಕ್ಕ ಸುದ್ದಿಯೂ ಸೈನ್ಯಕ್ಕೆ ಸೇರಬೇಕೆಂಬ ಕರೆಯೂ ಒಂದೇ ದಿನ ಬಂದವು. (ಸಂಶೋಧನಾ ವಿದ್ಯಾರ್ಥಿಗಳು ಈ ವಾಕ್ಯವನ್ನು ಎರಡು ಸಲ ಓದುತ್ತಾರೆಂದು ನನಗೆ ಗೊತ್ತು.) ಇಟಲಿ, ಫ್ರಾನ್ಸ್, ಜರ್ಮನಿಗಳ ಯುದ್ಧಭೂಮಿಯಲ್ಲಿದ್ದು ಬಂದು, 1959ರಲ್ಲಿ ‘ದ ವಾರಿಯರ್ಸ್’ ಎಂಬ ಪುಸ್ತಕ ಬರೆದ. ಅದರಲ್ಲಿ ಅವನು ಒಡನಾಡಿತನ ಮತ್ತು ಸ್ನೇಹ ಎರಡೂ ಬೇರೆ ಬೇರೆ ಎಂದು ವಾದಿಸುತ್ತಾನೆ. ಅಪಾಯ ಎದುರಿಗಿದ್ದಾಗ ‘ನಾನು’ ಕರಗಿ ‘ನಾವು’ ಆಗುವುದು ಒಡನಾಡಿತನ. ಅಲ್ಲಿ ಪಕ್ಕದವನು ಯಾರು ಎಂಬುದು ಮುಖ್ಯವಲ್ಲ, ಪಕ್ಕದಲ್ಲಿದ್ದಾನೆ ಎಂಬುದೇ ಮುಖ್ಯ. ಸ್ನೇಹದಲ್ಲಿ ಹಾಗಲ್ಲ. ಅಲ್ಲಿ ಇವನೇ ಬೇಕು, ಇವನ ಬದಲಿಗೆ ಇನ್ನೊಬ್ಬ ಆಗುವುದಿಲ್ಲ. ಸ್ನೇಹದಲ್ಲಿ ನಾನು ಕರಗುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತೇನೆ. ಅದಕ್ಕೇ ಒಡನಾಡಿಗೆ ಪ್ರಾಣ ಕೊಡುವುದು ಸುಲಭ, ಸ್ನೇಹಿತನಿಗೆ ಸಾವೆಂದರೆ ಭಯ, ಏಕೆಂದರೆ ಅವನು ಕಳೆದುಕೊಳ್ಳುವುದು ತುಂಬ ಇದೆ ಎಂಬ ಅರ್ಥದಲ್ಲಿ ಗ್ರೇ ಬರೆಯುತ್ತಾನೆ.

ಇದಕ್ಕೆ ಬೆಂಗಳೂರಿನದೇ ಒಂದು ಚಿತ್ರ ಕೊಡಬಹುದು. 2017ರ ನವೆಂಬರಿನಲ್ಲಿ ಯಲಹಂಕದ ವಾಯುನೆಲೆಯಲ್ಲಿ ಸೈನ್ಯದ ಎ.ಎಸ್.ಸಿ. ಟಾರ್ನೆಡೋಸ್ ತಂಡದ 58 ಮಂದಿ ಒಂದೇ ಬುಲೆಟ್ಟಿನ ಮೇಲೆ 1200 ಮೀಟರ್ ಸಾಗಿ ವಿಶ್ವದಾಖಲೆ ಮಾಡಿದರು. ವಿಡಿಯೊ ನೋಡಿದರೆ ಗಾಡಿಯೇ ಕಾಣುವುದಿಲ್ಲ, ತ್ರಿವರ್ಣದ ಬಟ್ಟೆ ತೊಟ್ಟ ಒಂದು ಮನುಷ್ಯರ ಗುಡ್ಡ ತಾನೇ ತಾನಾಗಿ ಜಾರುತ್ತಿರುವಂತೆ ತೋರುತ್ತದೆ. ಅಲ್ಲಿ ಒಬ್ಬ ಕೆಮ್ಮಿದರೂ ಐವತ್ತೇಳು ಮಂದಿಗೆ ತಿಳಿಯಬೇಕು. ಅಷ್ಟು ಹತ್ತಿರದಲ್ಲಿರುವವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಾರದು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಇವರ ಜೊತೆ ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ದೇವಾಲಯಕ್ಕೆ ಬಂದವರು ಹೆಚ್ಚಾಗಿ ಗೋಡೆಯ ಶಿಲ್ಪಗಳನ್ನೇ ನೋಡಿ ಹೋಗುತ್ತಾರೆ. ಪಕ್ಕದಲ್ಲಿ ಒಂದು ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನ ಅಂಗರಕ್ಷಕ ಕುವರ ಲಕ್ಷ್ಮ ಕೊಟ್ಟ ಮಾತಿನಂತೆ ತನ್ನ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಬಿಟ್ಟ ಕಥೆ ಹೇಳುವ 13ನೇ ಶತಮಾನದ ಕಂಬ. ಅದರ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಸಣ್ಣ ಆಕೃತಿಗಳಿವೆ. ನಾನು ನನ್ನ ಪಾಂಡಿತ್ಯವನ್ನೆಲ್ಲ ತೆಗೆದೆ: ಜೋಳವಾಳಿ, ವೇಳೆವಾಳಿ, ಉಂಡ ಅನ್ನದ ಋಣ, ಒಡೆಯನಿಗೆ ಕೊಟ್ಟ ಭಾಷೆ. ಮಾವ ಕಂಬದ ಸುತ್ತ ಒಂದು ಸುತ್ತು ಬಂದು, “ಇವರು ಸಾಹೇಬ್ರಿಗೋಸ್ಕರ ಸತ್ತೋರು ಕಣೇ. ನಾವೆಲ್ಲ ಸಾಹೇಬ್ರಿಗೋಸ್ಕರ ಓಡಿದ್ದಲ್ಲ, ಪಕ್ಕದೋನಿಗೋಸ್ಕರ ಓಡಿದ್ದು” ಅಂದರು.

ಆ ಮಾತು ನನ್ನೊಳಗೆ ಉಳಿಯಿತು. ನಾನು ಕಂಡ ಮಟ್ಟಿಗೆ ಹಳಗನ್ನಡದಲ್ಲಿ ನಿಷ್ಠೆಗೆ ಇರುವ ಪದಗಳೆಲ್ಲ ಕೆಳಗಿನಿಂದ ಮೇಲಕ್ಕೆ ನೋಡುವ ಪದಗಳು. ಉಪ್ಪಿನ ಋಣವೂ ಹಾಗೆಯೇ, ಉಣ್ಣುವವನದು ಇಕ್ಕಿದವನ ಮೇಲೆ. ಸೈನ್ಯದಲ್ಲಿ ಇಂದಿಗೂ ಹೇಳುವ ‘ನಾಮ್, ನಮಕ್, ನಿಶಾನ್’ನಲ್ಲಿಯೂ ಅದೇ ಉಪ್ಪು. ಅರಿಸ್ಟಾಟಲ್ ಕೂಡ ಉಪ್ಪಿನ ಗಾದೆಯೊಂದನ್ನು ನೆನೆಯುತ್ತಾನೆ, ಆದರೆ ಅವನ ಉಪ್ಪು ಅಡ್ಡಕ್ಕೆ ಹರಡಿದ್ದು: ಜೊತೆಯಲ್ಲಿ ಕೂತು ಅಷ್ಟು ಉಪ್ಪು ತಿನ್ನುವವರೆಗೆ ಇಬ್ಬರು ಒಬ್ಬರನ್ನೊಬ್ಬರು ಅರಿಯಲಾರರು. ಪಂಪನ ಕರ್ಣ ದುರ್ಯೋಧನನಿಗೆ ಕೊಟ್ಟದ್ದು ಈ ಎರಡರಲ್ಲಿ ಯಾವುದು, ಅನ್ನದ ಋಣವೋ ಅಥವಾ ಗೆಳೆತನವೋ ಎಂದು ನಮ್ಮ ಎಂ.ಎ. ತರಗತಿಯಲ್ಲಿ ಒಂದು ಮಧ್ಯಾಹ್ನವಿಡೀ ಜಗಳವಾಡಿದ್ದೆವು. ಅದು ಇನ್ನೂ ಬಗೆಹರಿದಿಲ್ಲ.

ಜೊತೆಯಲ್ಲಿ ಕೂತು ತಿನ್ನುವುದು. ನಮ್ಮ ದೇಶದಲ್ಲಿ ಈ ಮೂರು ಪದಗಳನ್ನು ಸುಮ್ಮನೆ ದಾಟುವಂತಿಲ್ಲ. ಭಾರತದ ಸೈನ್ಯದಲ್ಲಿ ಜಾತಿ ಇಲ್ಲವೆನ್ನುವುದು ಪೂರ್ತಿ ನಿಜವಲ್ಲ; ಜಾತಿ, ಪ್ರದೇಶಗಳ ಹೆಸರಿನ ರೆಜಿಮೆಂಟುಗಳು ಇಂದಿಗೂ ಇವೆ. ಆದರೆ ಸಿಗ್ನಲ್ಸ್‌ನಂಥ ವಿಭಾಗಗಳಲ್ಲಿ ಎಲ್ಲ ಕಡೆಯವರೂ ಒಟ್ಟಿಗೆ, ಒಂದೇ ಲಂಗರಿನ ರೊಟ್ಟಿ, ಒಂದೇ ದಾಲ್. ಮಾವ ಅಲ್ಲಿ ಕಲಿತ ಒಂದು ಮರ್ಯಾದೆಯೆಂದರೆ ಕೇಳದಿರುವುದು. ಯಾರ ಮಗ, ಯಾವ ಬೀದಿ, ಮನೆದೇವರು ಯಾವುದು, ಯಾವುದನ್ನೂ ಕೇಳುವಂತಿಲ್ಲ. ಊರಿನಲ್ಲಿ ಒಬ್ಬನನ್ನು ಕಂಡ ಕೂಡಲೇ ನಾವು ಕೇಳುವ ಮೊದಲ ನಾಲ್ಕು ಪ್ರಶ್ನೆಗಳೂ ಬೇರೆ ಬೇರೆ ದಾರಿಯಿಂದ ಒಂದೇ ಉತ್ತರಕ್ಕೆ ಹೋಗುತ್ತವೆ. ಆ ಪ್ರಶ್ನೆಗಳನ್ನು ನಾಲಿಗೆಯ ಮೇಲೇ ತಡೆದು ನಿಲ್ಲಿಸುವುದನ್ನು ಹತ್ತೊಂಬತ್ತರ ಹುಡುಗ ಕಲಿತದ್ದು ಸಣ್ಣ ಸಾಧನೆಯಲ್ಲ. ಕೇಳದಿರುವುದೇ ಅಲ್ಲಿ ಸಮಾನತೆಯ ರೂಪ.

ನಿವೃತ್ತರಾಗಿ ಬಂದ ಮೇಲೆ ಇವರು ಸೇರಲು ರಸ್ತೆಯನ್ನೇ ಯಾಕೆ ಆರಿಸಿಕೊಂಡರು ಎಂಬುದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. ಬುಲೆಟ್ಟಿನ ಮೇಲಿನ ಪ್ರೀತಿ, ಗಾಳಿ, ಘಟ್ಟ, ಎಲ್ಲವೂ ನಿಜ. ಆದರೆ ಹೆದ್ದಾರಿ ಯಾರ ಊರೂ ಅಲ್ಲ. ಚಹಾದಂಗಡಿಯ ಬೆಂಚು ಯಾರ ಜಗುಲಿಯೂ ಅಲ್ಲ. ಅಲ್ಲಿ ಲಂಗರನ್ನು ಮತ್ತೆ ಹೂಡಬಹುದು. ರಸ್ತೆ ಮಾತ್ರ ಯಾವಾಗಲೂ ಹೀಗಿರಲಿಲ್ಲ. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲರೂ ಸೈನ್ಯದಲ್ಲಿ ಸುಬೇದಾರರಾಗಿದ್ದವರು. 1901ರಲ್ಲಿ ಅವರ ಮಕ್ಕಳು ಒಳ್ಳೆಯ ಬಟ್ಟೆ ತೊಟ್ಟು ತಂದೆಯನ್ನು ಕಾಣಲು ಹೊರಟಾಗ ರೈಲ್ವೆ ನಿಲ್ದಾಣದಲ್ಲಿ ಗಾಡಿಯವರು ಯಾರೂ ಅವರನ್ನು ಕೂರಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು, ಗಾಡಿಯವನು ಪಕ್ಕದಲ್ಲಿ ನಡೆದ. ಇದನ್ನು ಅಂಬೇಡ್ಕರರೇ ಬರೆದಿದ್ದಾರೆ. ಸ್ವಂತ ಗಾಡಿ ಎಂದರೆ ಇನ್ನೊಬ್ಬನ ಒಪ್ಪಿಗೆಗೆ ಕಾಯಬೇಕಿಲ್ಲ ಎನ್ನುವುದು ಕೆಲವರ ಪಾಲಿಗೆ ಶೋಕಿಯ ಮಾತಲ್ಲ.

ಈಗ ಹೇಳಬೇಕಾದದ್ದು ಆ ಎಂಟರಲ್ಲಿ ಒಬ್ಬರ ಬಗ್ಗೆ. ಎಂಜಿನಿಯರ್ ಗ್ರೂಪಿನಲ್ಲಿ ನಾಯಕ್ ಆಗಿ ನಿವೃತ್ತರಾಗಿ, ಬ್ಯಾಂಕೊಂದರ ಎ.ಟಿ.ಎಂ.ನಲ್ಲಿ ರಾತ್ರಿ ಕಾವಲಿನ ಕೆಲಸ ಮಾಡುತ್ತಿದ್ದವರು. ಕಡಿಮೆ ಮಾತು, ಮೀಸೆಯಲ್ಲೇ ನಗು. ಸಾಲಿನಲ್ಲಿ ಅವರದು ಯಾವಾಗಲೂ ಕೊನೆಯ ಜಾಗ, ಅವರ ಮುಂದೆ ಮಾವ. ಒಂಬತ್ತು ವರ್ಷ ಮಾವನ ಕನ್ನಡಿಯಲ್ಲಿ ಇದ್ದದ್ದು ಅವರೇ. ಅವರ ಊರು ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಪ್ರತಿ ಸಲವೂ ಅವರು ಊರಿನ ಕಮಾನಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು, ವಾಪಸ್ ಬರುವಾಗ ಅಲ್ಲೇ ಕೈಯೆತ್ತಿ ತಿರುಗಿಕೊಳ್ಳುತ್ತಿದ್ದರು. ಯಾರೂ ಒಳಗೆ ಬನ್ನಿ ಅನ್ನಿಸಿಕೊಂಡಿರಲಿಲ್ಲ, ಯಾರೂ ಬರುತ್ತೇವೆ ಅಂದೂ ಇರಲಿಲ್ಲ. ಅವರ ಮನೆ ಕೇರಿಯಲ್ಲಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಿ ತಿಳಿದುಕೊಂಡದ್ದಲ್ಲ, ಕೇಳದೆಯೇ ಗೊತ್ತಿತ್ತು.

ಒಂದು ತಿಂಗಳು ಅವರು ಬರಲಿಲ್ಲ. ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಮುಂದಿನ ತಿಂಗಳೂ ಅದೇ. ಅವರದೂ ಮಾವನದೂ ಒಂದೇ ಹಳೆಯ ಮಾದರಿ, ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ಮಾವ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಅಲೆದು ಕ್ಲಚ್ ಪ್ಲೇಟ್ ತಂದು, ಕಮಾನಿನ ಹತ್ತಿರ ಸಿಕ್ಕಾಗ ಕೊಡೋಣವೆಂದು ಬುಲೆಟ್ಟಿನ ಪಕ್ಕದ ಡಬ್ಬಿಯಲ್ಲಿಟ್ಟರು. ಅದು ಅಲ್ಲೇ ಎರಡು ತಿಂಗಳು ಓಡಾಡಿತು. ನಾಲ್ಕನೇ ತಿಂಗಳು, ಅವರು ರಾತ್ರಿಪಾಳಿಯಲ್ಲಿ ಕುರ್ಚಿಯ ಮೇಲೇ ಹೃದಯ ನಿಂತು ಹೋದರೆಂದು ಸುದ್ದಿ ಬಂತು.

ಏಳು ಗಾಡಿಗಳು ಮೊದಲ ಸಲ ಆ ಕಮಾನು ದಾಟಿ ಒಳಗೆ ಹೋದವು. ನಾನು ಮಾವನ ಹಿಂದೆ ಇದ್ದೆ. ಮನೆಯ ಮುಂದೆ ಬುಲೆಟ್ ಇರಲಿಲ್ಲ. ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಲು ಐದು ತಿಂಗಳ ಹಿಂದೆಯೇ ಮಾರಿದ್ದರಂತೆ. ಗೋಡೆಯ ಮೇಲೆ ಸಮವಸ್ತ್ರದ ಫೋಟೊ, ಅದರ ಪಕ್ಕದಲ್ಲಿ ಇವರೆಂಟು ಮಂದಿ ಬಿಸಿಲೆ ಘಾಟಿನಲ್ಲಿ ಗಾಡಿಗಳ ಮುಂದೆ ನಿಂತ ಫೋಟೊ, ಚೌಕಟ್ಟು ಹಾಕಿಸಿದ್ದು. ಮಗಳು ನಮ್ಮೆಲ್ಲರನ್ನೂ ಗುರುತಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಅಂಕಲ್ ಎಂದು ಕರೆದು ಮಾತಾಡಿಸಿದಳು. ಅವಳ ಹೆಸರು ಇವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಸ್ಟೀಲ್ ಲೋಟಗಳಲ್ಲಿ ಕಾಫಿ ತಂದಳು. ಆರು ಮಂದಿ ಕುಡಿದರು. ಒಬ್ಬರು ಶುಗರ್ ಇದೆಯೆಂದು ಲೋಟ ಮುಟ್ಟಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಿಜ. ಹೆದ್ದಾರಿಯ ಅಂಗಡಿಯಲ್ಲಿ ಅವರು ಎರಡು ಚಮಚ ಸಕ್ಕರೆ ಹಾಕಿಸಿಕೊಳ್ಳುವುದೂ ನಿಜ.

ಬರುವಾಗ ಸಾಲು ಎಂದಿನಂತೆ ಎಡ ಬಲ ಎಡ ಎಂದು ಜೋಡಿಕೊಂಡಿತು. ಮಾವ ಈಗ ಕೊನೆಯವರು. ಆದರೂ ಕಮಾನು ದಾಟಿ ಬಹಳ ದೂರದವರೆಗೆ ಅವರು ಕನ್ನಡಿ ನೋಡುವುದನ್ನು ಬಿಡಲಿಲ್ಲ.

ಇದರಿಂದ ಇವರ ಒಡನಾಟವೇ ಸುಳ್ಳು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನನ್ನ ವಯಸ್ಸಿನ ಸಂಶೋಧಕರಿಗೆ ಆ ಸುಲಭದ ರುಚಿ ಚೆನ್ನಾಗಿ ಗೊತ್ತು, ಮುಖವಾಡ ಕಳಚುವುದೇ ನಮ್ಮ ಮುಖ್ಯ ಕಸುಬು. ಆದರೆ ಇದು ಮುಖವಾಡವಲ್ಲ. ಆ ನಾಯಕರ ಗಾಡಿ ಘಟ್ಟದಲ್ಲಿ ಜಾರಿದ್ದರೆ ಈ ಏಳು ಮಂದಿಯೂ ಹಿಂದೆ ಮುಂದೆ ನೋಡದೆ ಕಣಿವೆಗೆ ಇಳಿಯುತ್ತಿದ್ದರು, ಕಾಫಿ ಮುಟ್ಟದವರೂ ಸೇರಿ. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಕಣಿವೆಗೆ ಇಳಿಯುವ ಅದೇ ಕಾಲು ಒಂದೂವರೆ ಕಿಲೋಮೀಟರ್ ಒಳಗೆ ಹೋಗಲಿಲ್ಲ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಹೇಗೆ ಒಟ್ಟಿಗಿರುತ್ತವೆ ಎಂಬುದೇ ಪ್ರಶ್ನೆ.

ಮಾವನನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ನಾವು ಯಾರನ್ನೂ ಮನೆ ವಿಷಯ ಕೇಳ್ತಿರ್ಲಿಲ್ಲ ಪುಟ್ಟಿ. ಕೇಳಿದ್ರೆ ಅವನಿಗೆ ಕಷ್ಟ ಆಗುತ್ತೆ. ಅವನು ಒಳಗೆ ಕರೀಬೇಕೋ ಬೇಡ್ವೋ ಅಂತ ಯೋಚನೆ ಮಾಡೋ ಹಾಗೆ ಆಗ್ಬಾರ್ದು ಅಂತ ನಾವೇ ಹೊರಗೆ ನಿಲ್ತಿದ್ವಿ” ಅಂದರು. ಅವರು ಇದನ್ನು ನಂಬಿಯೇ ಹೇಳಿದ್ದು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಸೈನ್ಯದಲ್ಲಿ ಕೇಳದಿರುವುದು ಸಮಾನತೆಯಾಗಿತ್ತು, ಏಕೆಂದರೆ ಅಲ್ಲಿ ಕೇಳದೆ ಬಿಟ್ಟದ್ದಕ್ಕೆ ಬದಲಾಗಿ ಒಂದು ಲಂಗರು ಇತ್ತು, ಒಂದೇ ಬ್ಯಾರಕ್ ಇತ್ತು. ಅದೇ ಮರ್ಯಾದೆಯನ್ನು ಹಾಗೇ ಎತ್ತಿಕೊಂಡು ಊರಿಗೆ ತಂದಾಗ ಅದರ ಅರ್ಥ ಬುಡಮೇಲಾಯಿತು. ಊರಿನಲ್ಲಿ ಲಂಗರು ಇಲ್ಲ, ಕಮಾನು ಇದೆ. ಅಲ್ಲಿ ಕೇಳದಿರುವುದೆಂದರೆ ಕಮಾನು ಇದ್ದಲ್ಲೇ ಇರಲಿ ಎಂದು ಒಪ್ಪಿದ ಹಾಗೆ. ಒಂದು ಸದ್ಗುಣ ತಾನು ಹುಟ್ಟಿದ ಜಾಗದಿಂದ ಹೊರಬಂದ ಮೇಲೂ ಸದ್ಗುಣವಾಗಿಯೇ ಉಳಿಯುತ್ತದೆಂಬ ಭರವಸೆ ನಮಗೆ ಯಾರು ಕೊಟ್ಟರು?

ಇನ್ನೊಂದು ಮಾತನ್ನೂ ಇಲ್ಲಿ ಬೇರ್ಪಡಿಸಬೇಕು. ಕೇಳಿದ್ದರೆ ಅವರು ಬದುಕುತ್ತಿದ್ದರೇ? ಇಲ್ಲ. ಕ್ಲಚ್ ಪ್ಲೇಟಿಗೂ ಹೃದಯಕ್ಕೂ ಸಂಬಂಧವಿಲ್ಲ. ಫಲಿತಾಂಶವನ್ನೇ ಲೆಕ್ಕ ಹಾಕುವ ನೀತಿಶಾಸ್ತ್ರಕ್ಕೆ ಈ ಪ್ರಕರಣದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಆದರೂ ಏನೋ ಒಂದು ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದು ಆ ಮನೆಯಲ್ಲಿ ಕೂತಿದ್ದ ಎಲ್ಲರಿಗೂ ತಿಳಿದಿತ್ತು, ಮಾವನಿಗೆ ಎಲ್ಲರಿಗಿಂತ ಹೆಚ್ಚಾಗಿ. ಅದನ್ನು ನಷ್ಟ ಎನ್ನಲಾಗದು, ಅನ್ಯಾಯ ಎನ್ನಬಹುದೇನೋ. ಒಡನಾಟ ಎಲ್ಲಿಯವರೆಗೋ ನ್ಯಾಯವೂ ಅಲ್ಲಿಯವರೆಗೆ ಎಂದ ಅರಿಸ್ಟಾಟಲ್ ಅದನ್ನೊಂದು ವಿವರಣೆಯಾಗಿ ಹೇಳಿದ. ಆ ಮನೆಯಿಂದ ಬಂದ ಮೇಲೆ ಅದು ನನಗೆ ದೂರಿನಂತೆ ಕೇಳಿಸುತ್ತದೆ.

ಗ್ರೇಯ ಜೊತೆಗೂ ನನಗೊಂದು ತಕರಾರಿದೆ. ಒಡನಾಡಿತನಕ್ಕೆ ಅಪಾಯ ಬೇಕು, ಅಪಾಯ ಸರಿದ ಮೇಲೆ ಅದು ಆರಿಹೋಗುತ್ತದೆ ಎನ್ನುವ ಅವನ ವಾದ ಹಾಸನದ ರಸ್ತೆಗಳಲ್ಲಿ ಪೂರ್ತಿ ನಿಲ್ಲುವುದಿಲ್ಲ. ಇವರು ಅಪಾಯವನ್ನು ತಿಂಗಳಿಗೊಮ್ಮೆ ಕಡ ತಂದು, ಒಂದು ತಿರುವು, ಒಂದು ಮಳೆ, ಒಂದು ಎದುರು ಬರುವ ಮರಳು ಲಾರಿಯ ರೂಪದಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ. ಅಡ್ಡಿ ಇರುವುದು ಬೇರೆ ಕಡೆ. ಆ ಕಡ ತಂದ ಅಪಾಯ ಇರುವವರೆಗೆ ಅವರಿಗೆ ಸ್ನೇಹದ ಕಷ್ಟದ ಕೆಲಸಕ್ಕೆ ಕೈ ಹಾಕಬೇಕಾಗಿಲ್ಲ. ಮಗಳ ಹೆಸರೇನು, ಸಾಲ ಎಷ್ಟಿದೆ, ಗಾಡಿ ನಿಜಕ್ಕೂ ಕೆಟ್ಟಿದೆಯೇ, ಇಂಥ ಪ್ರಶ್ನೆ ಕೇಳಿ ಬೈಸಿಕೊಳ್ಳುವ, ಮುಜುಗರಪಡುವ, ಉತ್ತರ ಕೇಳಿದ ಮೇಲೆ ಏನಾದರೂ ಮಾಡಲೇಬೇಕಾಗುವ ಕೆಲಸ. ಅತ್ತೆಯ ಅಕ್ಕಿಮೊರದ ಮುಂದೆ ಕೂತು ದ್ರಾಸಿನ ಮಾತು ಹೇಳುವುದೂ ಇದೇ ಜಾತಿಯ ಕಷ್ಟ. ಮೋಟಾರ್ ಸೈಕಲ್ ಮೇಲೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಏಳು ಮಂದಿಯೂ ಹಣ ಹಾಕಿ ಆ ಹುಡುಗಿಯ ಈ ವರ್ಷದ ಫೀಸು ಕಟ್ಟಿದರು. ಅವಳ ತಾಯಿ ಅದನ್ನು ಸಾಲವೆಂದು ಬರೆದುಕೊಟ್ಟ ಮೇಲೇ ತೆಗೆದುಕೊಂಡದ್ದು. ನನಗೆ ಆ ಹೆಂಗಸಿನ ಮೇಲೆ ತುಂಬ ಗೌರವ ಬಂತು. ಕ್ಲಚ್ ಪ್ಲೇಟ್ ಇನ್ನೂ ಮಾವನ ಡಬ್ಬಿಯಲ್ಲೇ ಇದೆ. ತಮ್ಮ ಗಾಡಿಗೇ ಹಾಕಿಕೊಳ್ಳಬಹುದು, ಹಾಕಿಕೊಂಡಿಲ್ಲ.

ಎರಡು ತಿಂಗಳ ಹಿಂದೆ ಮಾವ ಒಂದು ಹೊಸ ಏರ್ಪಾಟು ಸೂಚಿಸಿದರು. ಸವಾರಿ ಇನ್ನು ಮುಂದೆ ಹೆದ್ದಾರಿಯ ಅಂಗಡಿಯಿಂದಲ್ಲ, ಸರದಿಯಂತೆ ಒಬ್ಬೊಬ್ಬರ ಮನೆಯಿಂದ ಹೊರಡಬೇಕು, ಬೆಳಗಿನ ತಿಂಡಿ ಅಲ್ಲೇ ಆಗಬೇಕು. ಮೊದಲ ಸರದಿ ಅರಸೀಕೆರೆಯ ಕಡೆಯ ಎ.ಎಸ್.ಸಿ. ಡ್ರೈವರ್ ಒಬ್ಬರದು. ಅವರ ಮನೆಯೂ ಕೇರಿಯಲ್ಲಿದೆ. ಆರು ಗಾಡಿ ಹೋದವು, ಒಂದು ಹೋಗಲಿಲ್ಲ, ಮನೆಯಲ್ಲಿ ಯಾರಿಗೋ ಜ್ವರವಂತೆ. ಮುಂದಿನ ಭಾನುವಾರ ಮಾವನ ಮನೆಯದು. ಅತ್ತೆ ಅಕ್ಕಿರೊಟ್ಟಿಗೆ ಹಿಟ್ಟು ಮಾಡಿಸಿದ್ದಾರೆ, ಮೇಲಿನ ಅಟ್ಟದಿಂದ ಲೋಟಗಳನ್ನು ಇಳಿಸಿ ತೊಳೆದಿದ್ದಾರೆ. ಎಂಬತ್ತನಾಲ್ಕರ ನಮ್ಮ ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಕೂತು ನಿನ್ನೆಯಿಂದ ಒಂದೇ ಮಾತು ಕೇಳುತ್ತಿದ್ದಾರೆ: “ಯಾರ್ಯಾರು ಬರ್ತಾರೋ ಮಗ?” ಮಾವ ಅಂಗಳದಲ್ಲಿ ಬುಲೆಟ್ ಒರೆಸುತ್ತಿದ್ದಾರೆ. ಇನ್ನೂ ಉತ್ತರ ಹೇಳಿಲ್ಲ.